ಓದುಗರ ಪ್ರಶ್ನೆ: ಟಿಲ್ಡನ್ ಬ್ಯಾಕ್‌ಹ್ಯಾಂಡ್ ತಿದ್ದಿದ ಚಳಿಗಾಲ

ಕಳೆದ ಸಂಚಿಕೆಯಲ್ಲಿ 1920ರ ದಶಕದ ಅಮೆರಿಕನ್ ಟೆನಿಸ್ ಆಟಗಾರ ಬಿಲ್ ಟಿಲ್ಡನ್ ಬಗ್ಗೆ ಒಂದು ಪುಟ್ಟ ಟಿಪ್ಪಣಿ ಹಾಕಿದ್ದೆವು. ಅದನ್ನು ಓದಿ ಮಂಗಳೂರು, ಉಡುಪಿ ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಮಳೆ ಹಿಡಿದು ಕೋರ್ಟುಗಳು ಖಾಲಿ ಬಿದ್ದಿರುವ ಈ ಹೊತ್ತಿಗೆ ಟಿಲ್ಡನ್ ಕಥೆ ಬಹಳ ಚೆನ್ನಾಗಿ ಹೊಂದುತ್ತದೆ. ಯಾಕೆಂಬುದು ಉತ್ತರಗಳಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ಟಿಲ್ಡನ್ ಮೊದಲ ದೊಡ್ಡ ಸಿಂಗಲ್ಸ್ ಪ್ರಶಸ್ತಿ ಗೆದ್ದಾಗ 27 ವರ್ಷ ಎಂದು ಬರೆದಿದ್ದೀರಿ. ಅಲ್ಲಿಯವರೆಗೆ ಏನು ಮಾಡುತ್ತಿದ್ದ? ಅಷ್ಟು ತಡವಾಗಿ ಬಂದವನು ಹೇಗೆ ಜಗತ್ತನ್ನೇ ಆಳಿದ? (ವಿದ್ಯಾರ್ಥಿ, ಮಣಿಪಾಲ)

ಉತ್ತರ: ಫಿಲಡೆಲ್ಫಿಯಾದ ಜರ್ಮನ್‌ಟೌನ್‌ನಲ್ಲಿ 1893ರ ಫೆಬ್ರವರಿ 10ರಂದು ಹುಟ್ಟಿದ ವಿಲಿಯಂ ಟೇಟಮ್ ಟಿಲ್ಡನ್ ಅನುಕೂಲಸ್ಥ ಮನೆಯ ಹುಡುಗ. ಚಿಕ್ಕಂದಿನಲ್ಲೇ ರಾಕೆಟ್ ಹಿಡಿದರೂ ಕಾಲೇಜು ದಿನಗಳಲ್ಲಿ ಹೇಳಿಕೊಳ್ಳುವಂಥ ಹೆಸರು ಮಾಡಲಿಲ್ಲ. 1911ರಲ್ಲಿ ತಾಯಿ ತೀರಿಕೊಂಡರು, 1915ರಲ್ಲಿ ತಂದೆ ಮತ್ತು ಅಣ್ಣ ಇಬ್ಬರೂ ಹೋದರು. ಆ ವರ್ಷಗಳಲ್ಲಿ ತಾನು ಓದಿದ ಶಾಲೆಯ ಹುಡುಗರಿಗೆ ಟೆನಿಸ್ ಕಲಿಸುತ್ತಿದ್ದ. ನಮ್ಮ ಅಭಿಪ್ರಾಯದಲ್ಲಿ ಅವನ ಬುನಾದಿ ಬಿದ್ದದ್ದು ಅಲ್ಲೇ. ಚೆಂಡು ಯಾಕೆ ಬಲೆಗೆ ಬಿತ್ತು, ಯಾಕೆ ಹೊರಗೆ ಹೋಯಿತು ಎಂದು ಇನ್ನೊಬ್ಬರಿಗೆ ಬಿಡಿಸಿ ಹೇಳಬೇಕಾದವನು ಮೊದಲು ತಾನು ತಿಳಿದುಕೊಳ್ಳಲೇಬೇಕಲ್ಲ.

1913 ಮತ್ತು 1914ರಲ್ಲಿ ಅಮೆರಿಕದ ಮಿಶ್ರ ಡಬಲ್ಸ್ ಪ್ರಶಸ್ತಿ ಅವನಿಗೆ ಸಿಕ್ಕಿತ್ತು ನಿಜ. ಆದರೆ ಜೊತೆಗಾತಿ ಮೇರಿ ಬ್ರೌನ್ ಆಗ ಅಮೆರಿಕದ ಮಹಿಳಾ ಸಿಂಗಲ್ಸ್ ಚಾಂಪಿಯನ್. 1918ರಲ್ಲಿ 15 ವರ್ಷದ ವಿನ್ಸೆಂಟ್ ರಿಚರ್ಡ್ಸ್ ಜೊತೆ ಪುರುಷರ ಡಬಲ್ಸ್ ಗೆದ್ದ. ಸಿಂಗಲ್ಸ್‌ನಲ್ಲಿ ಮಾತ್ರ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 1918ರ ಅಮೆರಿಕನ್ ಫೈನಲ್‌ನಲ್ಲಿ ಲಿಂಡ್ಲಿ ಮರ್ರೆ ಎದುರು ನೇರ ಸೆಟ್‌ಗಳ ಸೋಲು. ಮರು ವರ್ಷ ಬಿಲ್ ಜಾನ್‌ಸ್ಟನ್ ಎದುರು 4-6, 4-6, 3-6. ಟಿಲ್ಡನ್ ಆರಡಿ ದಾಟಿದ ಎತ್ತರದವನು, ಜಾನ್‌ಸ್ಟನ್ ಗಿಡ್ಡ, ತೆಳು ಮೈಯವನು. ಹಾಗಾಗಿ ಪತ್ರಿಕೆಗಳಲ್ಲಿ ಒಬ್ಬ ‘ಬಿಗ್ ಬಿಲ್’, ಇನ್ನೊಬ್ಬ ‘ಲಿಟಲ್ ಬಿಲ್’.

ಆ ಸೋಲಿನ ನಂತರದ ಚಳಿಗಾಲದಲ್ಲಿ ಟಿಲ್ಡನ್ ತನ್ನ ಬ್ಯಾಕ್‌ಹ್ಯಾಂಡನ್ನು, ಅಂದರೆ ಕೈಯ ಹಿಂಬದಿ ಬಲೆಯ ಕಡೆಗಿರುವಂತೆ ಹೊಡೆಯುವ ಹೊಡೆತವನ್ನು, ಬುಡದಿಂದ ಬದಲಿಸಿದ. 1920ರ ಬೇಸಿಗೆಯಲ್ಲಿ ವಿಂಬಲ್ಡನ್‌ಗೆ ಹೋಗಿ ಆಸ್ಟ್ರೇಲಿಯಾದ ಜೆರಾಲ್ಡ್ ಪ್ಯಾಟರ್ಸನ್‌ನನ್ನು 2-6, 6-3, 6-2, 6-4ರಿಂದ ಸೋಲಿಸಿದ. ವಿಂಬಲ್ಡನ್ ಸಿಂಗಲ್ಸ್ ಗೆದ್ದ ಮೊದಲ ಅಮೆರಿಕನ್ ಪುರುಷ ಅವನೇ. ಅದೇ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್‌ನಲ್ಲಿ ಜಾನ್‌ಸ್ಟನ್ ಜೊತೆ ಮತ್ತೆ ಅಮೆರಿಕನ್ ಫೈನಲ್, ಈ ಸಲ ಗೆಲುವು ಟಿಲ್ಡನ್‌ನದು: 6-1, 1-6, 7-5, 5-7, 6-3. ಫೋಟೊ ತೆಗೆಯಲು ಮೇಲೆ ಸುತ್ತುತ್ತಿದ್ದ ವಿಮಾನವೊಂದು ಪಂದ್ಯದ ನಡುವೆಯೇ ಅಂಗಣದ ಹತ್ತಿರ ಬಿದ್ದು ಒಳಗಿದ್ದ ಇಬ್ಬರೂ ಸತ್ತರು. ಆದರೂ ಆಟ ಮುಂದುವರಿಯಿತು.

ಅಲ್ಲಿಂದ 1925ರವರೆಗೆ ಅಮೆರಿಕನ್ ಸಿಂಗಲ್ಸ್ ಸತತ ಆರು ಸಲ ಅವನದ್ದೇ. ಆರರಲ್ಲಿ ಐದು ಫೈನಲ್‌ಗಳಲ್ಲಿ ಎದುರಾಳಿ ಅದೇ ಜಾನ್‌ಸ್ಟನ್. ಏಳನೆಯದು 1929ರಲ್ಲಿ, 36ನೇ ವಯಸ್ಸಿನಲ್ಲಿ ಬಂತು. ವಿಂಬಲ್ಡನ್ ಮೂರು: 1920, 1921, ಮತ್ತೆ 1930ರಲ್ಲಿ ವಿಲ್ಮರ್ ಆಲಿಸನ್ ಎದುರು, 37ನೇ ವಯಸ್ಸಿನಲ್ಲಿ. ದೇಶಗಳ ತಂಡಗಳು ಆಡುವ ಡೇವಿಸ್ ಕಪ್ 1920ರಿಂದ 1926ರವರೆಗೆ ಅಮೆರಿಕ ಬಿಟ್ಟು ಕದಲಲಿಲ್ಲ.

ಪ್ರಶ್ನೆ: ಬ್ಯಾಕ್‌ಹ್ಯಾಂಡ್ ಬದಲಿಸಿದ ಎನ್ನುತ್ತೀರಿ. ಖಚಿತವಾಗಿ ಏನನ್ನು ಬದಲಿಸಿದ? ನನಗೆ 40 ದಾಟಿದೆ, ನನ್ನದೂ ಬರೀ ಸ್ಲೈಸ್. ಈಗ ತಿದ್ದಲು ಸಾಧ್ಯವೇ? (ಬ್ಯಾಂಕ್ ಉದ್ಯೋಗಿ, ಸುರತ್ಕಲ್)

ಉತ್ತರ: ಸಾಧ್ಯ. ಆದರೆ ಟಿಲ್ಡನ್ ಮಾಡಿದ ಕ್ರಮದಲ್ಲೇ ಮಾಡಬೇಕು.

1919ರವರೆಗೆ ಅವನ ಬ್ಯಾಕ್‌ಹ್ಯಾಂಡ್ ಎಂದರೆ ಸ್ಲೈಸ್: ಚೆಂಡಿನ ಕೆಳಗೆ ರಾಕೆಟ್ ಜಾರಿಸಿ ಹಿಮ್ಮುಖ ತಿರುಗು ಕೊಟ್ಟು ದಾಟಿಸುವ ಹೊಡೆತ. ಚೆಂಡನ್ನು ಆಟದಲ್ಲಿ ಉಳಿಸಲು ಅದು ಸಾಕು, ಎದುರಾಳಿಗೆ ನೋಯಿಸಲು ಸಾಲದು. ಜಾನ್‌ಸ್ಟನ್ ತನ್ನ ಜೋರಾದ ಫೋರ್‌ಹ್ಯಾಂಡನ್ನು ಪದೇ ಪದೇ ಆ ಕಡೆಗೇ ಹೊಡೆದು ಬಲೆಯತ್ತ ನುಗ್ಗಿದ. ಮುಂದೆ ನಿಂತವನನ್ನು ದಾಟಿಸಿ ಹೊಡೆಯಲು ಸ್ಲೈಸಿಗೆ ವೇಗವಿಲ್ಲ. ಚೆಂಡು ಮೇಲೆ ತೇಲುತ್ತದೆ, ಜಾನ್‌ಸ್ಟನ್ ಅದು ನೆಲಕ್ಕೆ ಬೀಳುವ ಮೊದಲೇ ವಾಲಿ ಹೊಡೆದು ಮುಗಿಸುತ್ತಾನೆ.

ಟಿಲ್ಡನ್ ರೋಡ್ ಐಲೆಂಡ್‌ನ ಪ್ರಾವಿಡೆನ್ಸ್ ಊರಿಗೆ ಹೋಗಿ, ಜೋನ್ಸ್ ಎಂಬ ಕುಟುಂಬದ ಒಳಾಂಗಣ ಕೋರ್ಟಿನಲ್ಲಿ ಆ ಚಳಿಗಾಲ ಪೂರ್ತಿ ಚಪ್ಪಟೆಯಾಗಿ, ಬಲವಾಗಿ ಹೋಗುವ ಬ್ಯಾಕ್‌ಹ್ಯಾಂಡ್ ಡ್ರೈವ್ ಒಂದನ್ನೇ ರೂಢಿಸಿಕೊಂಡ. ಆಗ ಅವನ ಮುಂದೆ ಗೆಲ್ಲಬೇಕಾದ ದೊಡ್ಡ ಪಂದ್ಯಗಳಿರಲಿಲ್ಲ. ಇದೇ ಮುಖ್ಯ. ಹೊಸ ಹೊಡೆತ ಕಲಿಯುವಾಗ ಮೊದಲು ಆಟ ಕೆಡುತ್ತದೆ. ನಡುವೆ ಪಂದ್ಯ ಬಂದರೆ ಕೈ ಹಳೆಯ ಸ್ಲೈಸಿಗೇ ಓಡುತ್ತದೆ, ಮಾಡಿದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆ ತೊಳೆದ ಹಾಗೆ. ಅವರಿಗೆ ಚಳಿಗಾಲವಿದ್ದ ಹಾಗೆ ನಮಗೆ ಜೂನ್‌ನಿಂದ ಸೆಪ್ಟೆಂಬರ್. ಈ ತಿಂಗಳುಗಳಲ್ಲಿ ಸೋಲು-ಗೆಲುವಿನ ಆಟವನ್ನು ಪೂರ್ತಿ ಬಿಟ್ಟುಬಿಡಿ.

ಮೊದಲು ಹಿಡಿತ. ರಾಕೆಟಿಗೆ ಕೈಕುಲುಕುವ ಹಾಗೆ ಹಿಡಿದರೆ ಅದು ಟಿಲ್ಡನ್ ಹೇಳುತ್ತಿದ್ದ ಫೋರ್‌ಹ್ಯಾಂಡ್ ಹಿಡಿತ. ಬ್ಯಾಕ್‌ಹ್ಯಾಂಡಿಗೆ ಅಲ್ಲಿಂದ ಕೈಯನ್ನು ಕಾಲು ಸುತ್ತು ಒಳಕ್ಕೆ ತಿರುಗಿಸಿ. ತೋರುಬೆರಳಿನ ಬುಡದ ಗೆಣ್ಣು ಹಿಡಿಯ ಮೇಲಿನ ಚಪ್ಪಟೆ ಮುಖದ ಮೇಲೆ ಬಂದು ಕೂರಬೇಕು. ಎಡಗೈ ರಾಕೆಟಿನ ಕುತ್ತಿಗೆಯಲ್ಲಿರಲಿ: ರಾಕೆಟ್ ತಿರುಗಿಸುವುದು ಎಡಗೈ, ಬಲಗೈ ಬರೀ ಸಡಿಲಾಗಿ ಒಪ್ಪಿಸಿಕೊಳ್ಳುತ್ತದೆ. ಬೆಳಗ್ಗೆ ಚಹಾ ಆರುವ ಹೊತ್ತಿನಲ್ಲೂ ಇದನ್ನು ಮಾಡಬಹುದು. ಕಣ್ಣು ಮುಚ್ಚಿ ತಿರುಗಿಸಿ, ತೆರೆದು ನೋಡಿದಾಗ ಗೆಣ್ಣು ಜಾಗದಲ್ಲಿದ್ದರೆ ಮುಂದಿನ ಹಂತಕ್ಕೆ ಹೋಗಿ.

ಎರಡನೆಯದು ಕಾಲು. ಬಲಗೈ ಆಟಗಾರನಾದರೆ ಬಲಗಾಲು ಮುಂದೆ, ಬಲ ಭುಜ ಬಲೆಗೆ ಎದುರಾಗುವಷ್ಟು ಮೈ ತಿರುಗಬೇಕು. ಭುಜ ತಿರುಗುವುದು ಚೆಂಡು ನಿಮ್ಮ ಕಡೆ ಪುಟಿಯುವ ಮೊದಲೇ. ಹೊಡೆಯುವಾಗ ಮೈಭಾರ ಹಿಂಗಾಲಿನಿಂದ ಮುಂಗಾಲಿಗೆ ಹೋಗಲಿ. ಹೊಡೆತಕ್ಕಿಂತ ಮೊದಲು ಕಣ್ಣು ಮತ್ತು ಕಾಲು ಸರಿಯಾಗಬೇಕು ಎಂಬುದು ಟಿಲ್ಡನ್ ಬೋಧನೆಯ ತಿರುಳು.

ಮೂರನೆಯದು ಚೆಂಡು ತಾಗುವ ಜಾಗ. ಮುಂಗಾಲಿಗಿಂತ ಸುಮಾರು ಒಂದಡಿ ಮುಂದೆ, ಮೊಣಕಾಲು ಮತ್ತು ಸೊಂಟದ ನಡುವಿನ ಎತ್ತರದಲ್ಲಿ. ಮಣಿಕಟ್ಟು ಗಟ್ಟಿ. ಹೊಡೆದ ಮೇಲೆ ರಾಕೆಟ್ ಗುರಿಯ ಕಡೆಗೆ ಸಾಗಿ ಭುಜದೆತ್ತರದಲ್ಲಿ ನಿಲ್ಲಬೇಕು.

ಎಲ್ಲಿ ತಪ್ಪುತ್ತಿದೆ ಎಂದು ಚೆಂಡೇ ಹೇಳುತ್ತದೆ. ಚೆಂಡು ಮೇಲಕ್ಕೆ ತೇಲಿದರೆ ಹಿಡಿತ ಬದಲಾಗಿಲ್ಲ, ರಾಕೆಟಿನ ಮುಖ ಆಕಾಶ ನೋಡುತ್ತಿದೆ. ಎಡಗೆರೆಯ ಹೊರಗೆ ಹೋದರೆ ತಡವಾಗಿ ತಾಗಿದೆ. ವಿಪರೀತ ಬಲಕ್ಕೆ ಎಳೆದುಕೊಂಡು ಬಲೆಗೆ ಬಿದ್ದರೆ ಎದೆ ಬೇಗ ತೆರೆದುಕೊಂಡಿದೆ. ಎಲ್ಲಕ್ಕಿಂತ ಕೆಟ್ಟದ್ದು ಮೊಣಕೈ ಮುಂದೆ ಚಾಚಿ ತಳ್ಳುವುದು. ಚೆಂಡೇನೋ ದಾಟುತ್ತದೆ, ಆದರೆ ಮೊಣಕೈಯ ಹೊರಬದಿಯಲ್ಲಿ ನೋವು ಶುರುವಾಗುತ್ತದೆ. ನಿಮ್ಮ ವಯಸ್ಸಿನಲ್ಲಿ ಅದು ಬೇಗ ಬಿಟ್ಟು ಹೋಗುವುದಿಲ್ಲ. ನೋವು ಬಂದ ದಿನವೇ ನಿಲ್ಲಿಸಿ.

ಪ್ರಶ್ನೆ: ನಮ್ಮಲ್ಲಿ ಒಳಾಂಗಣ ಕೋರ್ಟ್ ಎಲ್ಲಿಂದ ತರುವುದು? ಮನೆಯ ಹತ್ತಿರದ ಗೋಡೆಗೆ ಹೊಡೆದು ಕಲಿಯಬಹುದೇ? (ಓದುಗರು, ಮೂಲ್ಕಿ)

ಉತ್ತರ: ಧಾರಾಳವಾಗಿ. ಆದರೆ ಗೋಡೆ ಯಾವುದು ಎಂಬುದು ಮುಖ್ಯ. ಗಾರೆ ಮಾಡದ ಕೆಂಪುಕಲ್ಲಿನ ಗೋಡೆ ಬೇಡ. ಕಲ್ಲಿನ ತೂತು, ಕಲ್ಲು ಸೇರುವ ಸಂದುಗಳಿಗೆ ತಾಗಿ ಚೆಂಡು ಎತ್ತೆತ್ತಲೋ ಹಾರುತ್ತದೆ, ಅದರ ಹಿಂದೆ ಓಡುವುದರಲ್ಲಿ ಹೊಡೆತವೇ ಮರೆಯುತ್ತದೆ. ಮುರಕಲ್ಲಿನ ಒರಟಿಗೆ ಚೆಂಡಿನ ಉಣ್ಣೆಯೂ ಕಿತ್ತು ಹೋಗುತ್ತದೆ. ಸಿಮೆಂಟ್ ಗಾರೆಯ ನಯ ಗೋಡೆ ಬೇಕು, ಮೇಲೆ ಮಾಡು ಇದ್ದರೆ ಇನ್ನೂ ಒಳ್ಳೆಯದು.

ನೆಲದಿಂದ 91 ಸೆಂಟಿಮೀಟರ್ ಎತ್ತರದಲ್ಲಿ ಸುಣ್ಣದ ಗೆರೆ ಎಳೆಯಿರಿ. ಬಲೆಯ ನಡುಮಧ್ಯದ ಎತ್ತರ ಅಷ್ಟೇ. ಅದರ ಮೇಲೆ, ನೆಲದಿಂದ ಒಂದೂವರೆ ಮೀಟರಿನಲ್ಲಿ ಇನ್ನೊಂದು ಗೆರೆ. ಎರಡರ ನಡುವೆ ಬೀಳುವ ಚೆಂಡು ಒಳ್ಳೆಯ ಡ್ರೈವ್. ಗೋಡೆಯಿಂದ ಆರೇಳು ಮೀಟರ್ ದೂರ ನಿಲ್ಲಿ. ಮೊದಲ ವಾರ ಚೆಂಡೇ ಬೇಡ, ದಿನಕ್ಕೆ 50 ಸಲ ಬರಿಗಾಳಿಯಲ್ಲಿ ಬೀಸಿ. ಎರಡನೇ ವಾರ ಎಡಗೈಯಿಂದ ಚೆಂಡು ಬೀಳಿಸಿ, ಒಂದು ಪುಟಿತದ ಮೇಲೆ ಒಂದೇ ಹೊಡೆತ, ಅದನ್ನು ಹಿಡಿದು ಮತ್ತೆ ಆರಂಭ. ಮೂರನೇ ವಾರದಿಂದ ಗೋಡೆಗೆ ಸತತ ಹೊಡೆತ, ಚೆಂಡು ಎರಡು ಸಲ ಪುಟಿದರೂ ಪರವಾಗಿಲ್ಲ. ಗೋಡೆಯಿಂದ ಚೆಂಡು ಬಹಳ ಬೇಗ ಮರಳುತ್ತದೆ. ಒಂದೇ ಪುಟಿತಕ್ಕೆ ಹಟ ಹಿಡಿದರೆ ಹಿಡಿತ ಬದಲಿಸಲು ಸಮಯ ಸಿಗದೆ ಸ್ಲೈಸ್ ವಾಪಸ್ ಬರುತ್ತದೆ. ಒಮ್ಮೆಗೆ 15 ನಿಮಿಷ ಸಾಕು.

ನಮ್ಮ ಹವೆಯಲ್ಲಿ ಮೂರು ಎಚ್ಚರ. ಒದ್ದೆ ಚೆಂಡಿನಲ್ಲಿ ಹೊಡೆಯಬೇಡಿ. ಒಣ ಚೆಂಡು 56ರಿಂದ 59 ಗ್ರಾಂ ಇರುತ್ತದೆ, ಉಣ್ಣೆ ನೀರು ಕುಡಿದರೆ ಭಾರವಾಗಿ ಮೊಣಕೈಗೆ ಕುಟ್ಟುತ್ತದೆ. ಅಂಗಳದ ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ಗಟ್ಟಿ ಬ್ರಷ್‌ನಲ್ಲಿ ಉಜ್ಜಿ ತೆಗೆದ ಮೇಲಷ್ಟೇ ಕಾಲಿಡಿ. ಕಾಲು ಮುಂದಿಟ್ಟು ಭಾರ ಹಾಕುವ ಹೊಡೆತವಿದು, ಜಾರಿದರೆ ಮೊಣಕಾಲು ತಿರುಚುತ್ತದೆ. ಬೆವರಿಗೆ ಹಿಡಿ ಜಾರುತ್ತಿದ್ದರೆ ಅದರ ಮೇಲೆ ಸುತ್ತುವ ಪಟ್ಟಿ (ಓವರ್‌ಗ್ರಿಪ್) ಬದಲಿಸಿ. ಜಾರುವ ಹಿಡಿಯನ್ನು ನಾವು ಗೊತ್ತಿಲ್ಲದೆಯೇ ಬಿಗಿಯಾಗಿ ಹಿಸುಕುತ್ತೇವೆ, ಮುಂಗೈ ಗಡುಸಾಗಿ ರಾಕೆಟಿನ ಓಟ ಅರ್ಧಕ್ಕೇ ನಿಲ್ಲುತ್ತದೆ.

ಪ್ರಶ್ನೆ: 11 ವರ್ಷದ ಮಗಳು ಎರಡೂ ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಆಡುತ್ತಾಳೆ. ಟಿಲ್ಡನ್ ಹಾಗೆ ಒಂದು ಕೈಗೆ ಬದಲಿಸಬೇಕೇ? (ತಾಯಿ, ಉಡುಪಿ)

ಉತ್ತರ: ಬೇಡ. ಎರಡು ಕೈ ಅವಳ ವಯಸ್ಸಿನ ಬಲಕ್ಕೆ ಸರಿಯಾಗಿದೆ. ಈಗಿನ ರಾಕೆಟ್, ಎತ್ತರಕ್ಕೆ ಪುಟಿಯುವ ಚೆಂಡು, ಎರಡಕ್ಕೂ ಅದೇ ಅನುಕೂಲ. ಚೆಂಡು ಅವಳ ಭುಜದ ಮೇಲೆ ಹಾರುತ್ತಿದ್ದರೆ ಮಾಮೂಲಿಗಿಂತ ಶೇ 25ರಷ್ಟು ನಿಧಾನವಾದ ಹಸಿರು ಚುಕ್ಕೆಯ ಚೆಂಡು ಕೊಡಿ. ರಾಕೆಟ್ 26 ಇಂಚಿನದ್ದು ಸಾಕು.

ಪ್ರಶ್ನೆ: ಟಿಲ್ಡನ್‌ಗೆ ಬಲಗೈಯಲ್ಲಿ ಒಂದು ಬೆರಳು ಪೂರ್ತಿ ಇರಲಿಲ್ಲವಂತೆ, ಹೌದೇ? (ಓದುಗರು, ಕಾರ್ಕಳ)

ಉತ್ತರ: ಹೌದು. 1922ರ ಕೊನೆಯ ಭಾಗದಲ್ಲಿ ಒಂದು ಪ್ರದರ್ಶನ ಪಂದ್ಯದಲ್ಲಿ ಬಲಗೈಯ ಮಧ್ಯಬೆರಳು ಬೇಲಿಗೆ ತಾಗಿ ಗಾಯವಾಯಿತು. ಕೀವು ಏರಿತು. ಆಗ ಆ್ಯಂಟಿಬಯಾಟಿಕ್ ಇರಲಿಲ್ಲ. ಪೆನಿಸಿಲಿನ್ ಕಂಡುಹಿಡಿದದ್ದೇ 1928ರಲ್ಲಿ. ಸೋಂಕು ಹರಡದಂತೆ ಬೆರಳಿನ ತುದಿ ಭಾಗ ಕತ್ತರಿಸಬೇಕಾಯಿತು. ಹಿಡಿತ ಬದಲಿಸಿ ಹೊಂದಿಕೊಳ್ಳುವವರೆಗೆ 1923ರ ಆರಂಭದಲ್ಲಿ ತಡವರಿಸಿದ. ಅದೇ ವರ್ಷದ ಅಮೆರಿಕನ್ ಫೈನಲ್‌ನಲ್ಲಿ ಜಾನ್‌ಸ್ಟನ್ ಎದುರು 6-4, 6-1, 6-4. ನಾಲ್ಕು ವರ್ಷ ಮೊದಲು ತನ್ನನ್ನು ನೇರ ಸೆಟ್‌ಗಳಲ್ಲಿ ಮಣಿಸಿದವನನ್ನು ಒಂದು ಬೆರಳು ಗಿಡ್ಡವಾದ ಕೈಯಿಂದ ನೇರ ಸೆಟ್‌ಗಳಲ್ಲಿ ಮಣಿಸಿದ್ದು. ಅವನ ಗೆಲುವುಗಳಲ್ಲಿ ನಮಗೆ ಅತ್ಯಂತ ಪ್ರಿಯವಾದದ್ದು ಇದೇ.

ಪ್ರಶ್ನೆ: ಆಗಿನ ಸ್ಕೋರುಗಳಲ್ಲಿ 11-9 ಎಂದೆಲ್ಲ ಇದೆ. ‘ಚಾಲೆಂಜ್ ರೌಂಡ್’ ಎಂದರೇನು? (ಶಿಕ್ಷಕರು, ಕುಂದಾಪುರ)

ಉತ್ತರ: ಗೇಮ್‌ಗಳು ಸಮವಾದಾಗ ಸೆಟ್ ಮುಗಿಸಲು ಆಡುವ ಟೈಬ್ರೇಕ್ ಆಗ ಇರಲಿಲ್ಲ. ಅದು ಅಮೆರಿಕನ್ ಓಪನ್‌ಗೆ 1970ರಲ್ಲಿ, ವಿಂಬಲ್ಡನ್‌ಗೆ 1971ರಲ್ಲಿ ಬಂತು. ಅದಕ್ಕೆ ಮೊದಲು ಎರಡು ಗೇಮ್ ಅಂತರ ಸಿಗುವವರೆಗೆ ಸೆಟ್ ಮುಗಿಯುತ್ತಿರಲಿಲ್ಲ. 1927ರ ಫ್ರೆಂಚ್ ಫೈನಲ್‌ನಲ್ಲಿ ಟಿಲ್ಡನ್ ಐದನೇ ಸೆಟ್ಟನ್ನು ರೆನೆ ಲಾಕೋಸ್ಟ್‌ಗೆ 9-11ರಿಂದ ಕಳೆದುಕೊಂಡ, ಒಟ್ಟು 61 ಗೇಮ್. ಚಾಲೆಂಜ್ ರೌಂಡ್ ಎಂದರೆ ಹಿಂದಿನ ವರ್ಷದ ವಿಜೇತ ನೇರವಾಗಿ ಕೊನೆಯ ಪಂದ್ಯ ಮಾತ್ರ ಆಡುವುದು. ಉಳಿದವರೆಲ್ಲ ತಮ್ಮಲ್ಲಿ ಆಡಿ ಗೆದ್ದವನು ಅವನನ್ನು ಎದುರಿಸಬೇಕು. 1921ರಲ್ಲಿ ಟಿಲ್ಡನ್ ಹೀಗೆ ಒಂದೇ ಪಂದ್ಯ ಆಡಿ, ಮೊದಲ ಎರಡು ಸೆಟ್ ಸೋತ ಮೇಲೂ ಬ್ರಯಾನ್ ನಾರ್ಟನ್‌ನನ್ನು ಹಿಂದಿಕ್ಕಿ ವಿಂಬಲ್ಡನ್ ಉಳಿಸಿಕೊಂಡ. 1922ರಿಂದ ವಿಂಬಲ್ಡನ್ ಆ ಪದ್ಧತಿ ಬಿಟ್ಟಿತು.

ಪ್ರಶ್ನೆ: ಅಷ್ಟು ಗೆದ್ದವನು ಯಾಕೆ ಸೋಲಲು ಶುರು ಮಾಡಿದ? ಆಮೇಲೆ ದುಡ್ಡಿಗೆ ಆಡಿದನಂತೆ. (ಓದುಗರು, ಕದ್ರಿ, ಮಂಗಳೂರು)

ಉತ್ತರ: ವಯಸ್ಸು ಮತ್ತು ಫ್ರೆಂಚರು, ಎರಡೂ. ಲಾಕೋಸ್ಟ್, ಆನ್ರಿ ಕೋಶೆ, ಜಾನ್ ಬೊರೋತ್ರಾ ಮೂವರೂ ಅವನಿಗಿಂತ ಕಿರಿಯರು. ಮುಖ್ಯವಾಗಿ ಅವನನ್ನು ಸೋಲಿಸುವುದನ್ನೇ ಗುರಿ ಮಾಡಿಕೊಂಡು ಬೆಳೆದವರು. 1926ರ ಅಮೆರಿಕನ್ ಕ್ವಾರ್ಟರ್‌ಫೈನಲ್‌ನಲ್ಲಿ ಕೋಶೆ ಅವನ ಆರು ವರ್ಷಗಳ ಓಟ ನಿಲ್ಲಿಸಿದ. 1927ರ ವಿಂಬಲ್ಡನ್ ಸೆಮಿಫೈನಲ್‌ನಲ್ಲಿ ಅದೇ ಕೋಶೆ ಎದುರು 6-2, 6-4, 5-1ರಿಂದ ಮುಂದಿದ್ದವನು ಪಂದ್ಯ ಸೋತ. ಅಲ್ಲಿಂದ ಸತತ 17 ಪಾಯಿಂಟ್ ಕಳೆದುಕೊಂಡ. ಅದೇ ವರ್ಷ ಅವನ ಸ್ವಂತ ಊರಾದ ಜರ್ಮನ್‌ಟೌನ್‌ನಲ್ಲೇ ಡೇವಿಸ್ ಕಪ್ ಫ್ರಾನ್ಸ್ ಪಾಲಾಯಿತು.

ದುಡ್ಡಿನ ವಿಷಯ ಹೀಗೆ. ಆಗಿನ ದೊಡ್ಡ ಟೂರ್ನಿಗಳೆಲ್ಲ ದುಡ್ಡು ಪಡೆಯದೆ ಆಡುವ ಹವ್ಯಾಸಿಗಳಿಗೆ ಮಾತ್ರ. ಟಿಲ್ಡನ್ ಪತ್ರಿಕೆಗಳಿಗೆ ಟೆನಿಸ್ ಬರೆದು ಸಂಭಾವನೆ ಪಡೆಯುತ್ತಿದ್ದ. ಇದರ ಮೇಲೆ ಅಮೆರಿಕದ ಟೆನಿಸ್ ಸಂಸ್ಥೆಗೂ ಅವನಿಗೂ ವರ್ಷಗಟ್ಟಲೆ ಜಟಾಪಟಿ. 1928ರಲ್ಲಿ ಡೇವಿಸ್ ಕಪ್ ನಡುವೆಯೇ ಅಮಾನತು ಮಾಡಿದರು. ಪ್ಯಾರಿಸ್‌ನಲ್ಲಿ ಅವನಿಲ್ಲದ ಪಂದ್ಯ ನೋಡಲು ಜನರಿಲ್ಲ ಎಂದು ಫ್ರೆಂಚರೇ ಒತ್ತಾಯಿಸಿದ ಮೇಲೆ ಚಾಲೆಂಜ್ ರೌಂಡಿಗೆ ವಾಪಸ್ ಸೇರಿಸಿದರು. ಆ ಸಲ ಲಾಕೋಸ್ಟ್‌ನನ್ನು ಅವನ ನೆಲದಲ್ಲೇ ಸೋಲಿಸಿದ. ಸಂಸ್ಥೆಯ ಹಟ ತಪ್ಪು ಎಂದೇ ನಮಗೆ ಅನ್ನಿಸುತ್ತದೆ. ಆಟಗಾರನಿಂದ ಸಂಸ್ಥೆಗೆ ಟಿಕೆಟ್ ಹಣ ಬರಬಹುದು, ಅವನ ಲೇಖನಿಯಿಂದ ಅವನಿಗೆ ಹಣ ಬರಬಾರದು ಎಂಬ ನಿಯಮಕ್ಕೆ ನ್ಯಾಯವಿಲ್ಲ.

1930ರ ಡಿಸೆಂಬರ್ ಕೊನೆಗೆ ಅವನು ವೃತ್ತಿಪರನಾದ. 1931ರ ಫೆಬ್ರವರಿ 18ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಚೆಕ್ ಆಟಗಾರ ಕಾರೆಲ್ ಕೊಜೆಲುಹ್ ಎದುರು ಮೊದಲ ಪಂದ್ಯ ಆಡಿ ಗೆದ್ದ. ಆಮೇಲೆ ಊರಿಂದೂರಿಗೆ ಕೋರ್ಟ್ ಹಾಸು ಹೊತ್ತು ಸಾಗಿದ ವರ್ಷಗಳು. 1931, 1935ರಲ್ಲಿ ಅಮೆರಿಕದ ವೃತ್ತಿಪರ ಸಿಂಗಲ್ಸ್, 1945ರಲ್ಲಿ 52ನೇ ವಯಸ್ಸಿನಲ್ಲಿ ಅದೇ ಹಳೆಯ ಜೊತೆಗಾರ ರಿಚರ್ಡ್ಸ್ ಜೊತೆ ಡಬಲ್ಸ್.

ಪ್ರಶ್ನೆ: ಇಂಥವನ ಹೆಸರು ಇಂದು ಯಾಕೆ ಕಡಿಮೆ ಕೇಳುತ್ತದೆ? (ಓದುಗರು, ಪುತ್ತೂರು)

ಉತ್ತರ: ಮುಚ್ಚಿಡುವ ವಿಷಯವಲ್ಲ. 1946ರಲ್ಲಿ ಬೆವರ್ಲಿ ಹಿಲ್ಸ್‌ನಲ್ಲಿ ಅಪ್ರಾಪ್ತ ಹುಡುಗನ ಜೊತೆಗಿನ ಅನುಚಿತ ವರ್ತನೆಗಾಗಿ ಬಂಧನವಾಗಿ ಜೈಲಿಗೆ ಹೋದ. 1949ರಲ್ಲಿ ಮತ್ತೆ ಅಂಥದ್ದೇ ಪ್ರಕರಣ, ಮತ್ತೆ ಜೈಲು. ಕ್ಲಬ್ಬುಗಳು ಬಾಗಿಲು ಹಾಕಿದವು. ಹಾಗಿದ್ದೂ 1950ರಲ್ಲಿ ಅಮೆರಿಕದ ಕ್ರೀಡಾ ಬರಹಗಾರರು ಅರ್ಧ ಶತಮಾನದ ಶ್ರೇಷ್ಠ ಟೆನಿಸ್ ಆಟಗಾರ ಎಂದು ಅವನನ್ನೇ ಆರಿಸಿದರು. 1953ರ ಜೂನ್ 5ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡ. ಆಟವನ್ನು ಆಟವಾಗಿ ಮೆಚ್ಚಬಹುದು, ಅಪರಾಧವನ್ನು ಅಪರಾಧ ಎಂದೇ ಹೇಳಬೇಕು.

ಪ್ರಶ್ನೆ: ಅಟ್ಟದಲ್ಲಿ ಅಜ್ಜನ ಕಾಲದ ಮರದ ರಾಕೆಟ್ ಸಿಕ್ಕಿದೆ, ಸ್ವಲ್ಪ ಸೊಟ್ಟಗಿದೆ, ತಂತಿಗಳು ಅಲ್ಲಲ್ಲಿ ಹರಿದಿವೆ. ಉಳಿಸಬಹುದೇ? ಅದರಲ್ಲಿ ಆಡಬಹುದೇ? (ಓದುಗರು, ಬ್ರಹ್ಮಾವರ)

ಉತ್ತರ: ಉಳಿಸಬಹುದು. ಮೊದಲು ಅಟ್ಟದಿಂದ ಇಳಿಸಿ. ಹಂಚಿನ ಕೆಳಗೆ ಏಪ್ರಿಲ್-ಮೇ ಕಾವು, ಆಟಿ ತಿಂಗಳ ಮಳೆಯಲ್ಲಿ ತೇವ: ಮರ ಹಿಗ್ಗಿ ಕುಗ್ಗಿ ಸೊಟ್ಟಗಾಗುವುದು ಇದರಿಂದಲೇ. ಟಿಲ್ಡನ್ ಕಾಲದ ತಂತಿ ಪ್ರಾಣಿಯ ಕರುಳಿನದ್ದು. ತೇವ ಎಳೆದುಕೊಂಡರೆ ಉಬ್ಬಿ, ಎಳೆ ಬಿಚ್ಚಿ ಹರಿಯುತ್ತದೆ.

ಮೇಲ್ಮೈಯ ಬೂಷ್ಟನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿ, ನೀರು ಬೇಡ. ಬಿಸಿಲಿಗೆ ಇಡಬೇಡಿ, ಫ್ಯಾನಿನ ಕೆಳಗೆ ನೆರಳಲ್ಲಿ ಕೆಲವು ದಿನ ಆರಲಿ. ಆಮೇಲೆ ಪ್ರೆಸ್‌ಗೆ ಹಾಕಿ. ಅಂದರೆ ನಾಲ್ಕು ಮೂಲೆಗೆ ಬೋಲ್ಟ್, ಚಿಟ್ಟೆ ನಟ್ ಇರುವ ಮರದ ಚೌಕಟ್ಟು. ಬಡಗಿಗೆ ಹೇಳಿದರೆ ಮಾಡಿಕೊಡುತ್ತಾರೆ. ನಟ್‌ಗಳನ್ನು ಎದುರು-ಬದುರು ಮೂಲೆಯ ಕ್ರಮದಲ್ಲಿ, ದಿನಕ್ಕೆ ಅರ್ಧ ಸುತ್ತಿನಂತೆ ಬಿಗಿ ಮಾಡಿ. ಒಂದೇ ಬದಿ ಬಿಗಿ ಮಾಡಿದರೆ ಸೊಟ್ಟ ಇನ್ನೂ ಹೆಚ್ಚುತ್ತದೆ. ಮಳೆಗಾಲದಲ್ಲಿ ಚೀಲದೊಳಗೆ 100 ಗ್ರಾಂ ಸಿಲಿಕಾ ಜೆಲ್ ಇಡಿ. ಗೋಡೆಗೆ ಒರಗಿಸಬೇಡಿ, ಇಲಿ ಓಡಾಡುವ ಕಡೆಯೂ ಬೇಡ.

ಆಡಬೇಕೆಂದರೆ ಚೌಕಟ್ಟಿನ ಕುತ್ತಿಗೆ ಭಾಗವನ್ನು ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯ ಬಿರುಕಿದ್ದರೂ ಅದು ಗೋಡೆಯ ಮೇಲಿನ ಅಲಂಕಾರಕ್ಕೇ ಇರಲಿ. ಬಿರುಕಿಲ್ಲದಿದ್ದರೆ ಮೃದುವಾದ ಮಲ್ಟಿಫಿಲಮೆಂಟ್ ನೈಲಾನ್ ತಂತಿಯನ್ನು 45 ಪೌಂಡಿಗಿಂತ ಕಡಿಮೆ ಬಿಗಿತದಲ್ಲಿ ಹಾಕಿಸಿ. ಗಡುಸು ಪಾಲಿಯೆಸ್ಟರ್ ತಂತಿ ಖಂಡಿತ ಬೇಡ. ಚೌಕಟ್ಟನ್ನು ಆರು ಕಡೆ ಆಧರಿಸಿ ಹಿಡಿಯುವ ಯಂತ್ರವಿದ್ದರೆ ಮಾತ್ರ ಕೊಡಿ. ಹಳೆಯ ತಂತಿ ತೆಗೆಯುವಾಗ ಅಂಚಿನಿಂದ ಶುರು ಮಾಡಬೇಡಿ. ನಟ್ಟನಡುವಿನ ಉದ್ದ ತಂತಿ ಒಂದು, ಅಡ್ಡ ತಂತಿ ಒಂದು, ಹೀಗೆ ಸರದಿಯಲ್ಲಿ ನಡುವಿನಿಂದ ಹೊರಕ್ಕೆ ಕತ್ತರಿಸುತ್ತ ಹೋಗಿ. ಬಿಗಿತ ಒಂದೇ ಕಡೆ ಸಡಿಲಾದರೆ ಒಣಗಿದ ಮರ ಕೈಯಲ್ಲೇ ಸೀಳುತ್ತದೆ.